ವಾಸನೆಯಿಲ್ಲದ ಸಾಬೂನು

ಸಾಬೂನಿನ ಕೆಲಸ ಕಲಿಯಬೇಕೆಂದು ಈಗ ಹುಡುಗಿಯರು ವಡೋದರಾದ ನನ್ನ ಫ್ಲ್ಯಾಟ್ ಹುಡುಕಿಕೊಂಡು ಬರುತ್ತಾರೆ. ಬಹಳ ಮಂದಿ ಮೊಬೈಲಿನಲ್ಲಿ ವಿಡಿಯೊ ನೋಡಿ ಆಸೆ ಹುಟ್ಟಿಸಿಕೊಂಡವರು. ಕುಳಿತ ಕೂಡಲೇ ಕೇಳುವುದು ಒಂದೇ ಮಾತು. "ಯಾವ ಸುವಾಸನೆ ಹಾಕಿದರೆ ಚೆನ್ನಾಗಿ ಖರ್ಚಾಗುತ್ತೆ, ಆಂಟಿ?"

ಅದಕ್ಕೆ ಉತ್ತರ ಕೊಡಬೇಕಾದರೆ ಸೂರತ್‌ನ ರಮೀಲಾಬೆನ್ ವಿಷಯ ಹೇಳಬೇಕಾಗುತ್ತದೆ. ಅದು ನಿಂತ ಕಾಲಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಗದಗಿನವಳು. ಹುಬ್ಬಳ್ಳಿಯಲ್ಲಿ ಬಿ.ಎಸ್ಸಿ. ಮುಗಿಸಿದೆ, ಓದಿದ್ದು ರಸಾಯನಶಾಸ್ತ್ರ. ಮದುವೆಯಾದ ಮೇಲೆ ಇಲ್ಲಿಗೆ ಬಂದೆ. ನಮ್ಮವರಿಗೆ ಕೊಯಾಲಿಯ ರಿಫೈನರಿಯಲ್ಲಿ ಕೆಲಸ, ಟೌನ್‌ಶಿಪ್‌ನಲ್ಲಿ ಮನೆ. ಮಗಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಅಹಮದಾಬಾದಿನ ವಟ್ವಾದಲ್ಲಿದ್ದ ಒಂದು ಡಿಟರ್ಜೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ನನಗೆ ಕೆಲಸ ಸಿಕ್ಕಿತು. ವಡೋದರಾದಿಂದ ಅಹಮದಾಬಾದಿಗೆ ದಿನವೂ ರೈಲಿನಲ್ಲಿ ಹೋಗಿಬರುವುದಕ್ಕೆ ಇಲ್ಲಿಯವರು ಅಪ್‌ಡೌನ್ ಅನ್ನುತ್ತಾರೆ. ಆ ಅಪ್‌ಡೌನ್‌ನಲ್ಲಿಯೇ ನಾನು ಗುಜರಾತಿ ಕಲಿತೆ, ಬಟಾಣಿ ಸುಲಿಯುವ ಹೆಂಗಸರ ನಡುವೆ ಕುಳಿತು.

ವಟ್ವಾದಲ್ಲಿ ನನ್ನ ಮೇಲಧಿಕಾರಿಯಾಗಿದ್ದವರು ಒಬ್ಬ ವಯಸ್ಸಾದ ಪಟೇಲರು. ಪುಡಿಯ ಹೊಸ ಮಾದರಿ ಬಂದಾಗಲೆಲ್ಲ ಬಕೆಟ್ಟಿಗೆ ಕೈಹಾಕಿ ನೊರೆ ಎಬ್ಬಿಸುವರು. ಮೊಣಕೈವರೆಗೆ ನೊರೆ ಬಂದರೆ ಸಮಾಧಾನ.

"ನೊರೆ ಕೊಳೆ ತೆಗೆಯೋದಿಲ್ಲ, ಸರ್," ಎಂದೆ ಒಂದು ದಿನ. ಹೊಸದಾಗಿ ಓದಿಕೊಂಡು ಬಂದ ಹುರುಪು.

"ನನಗೆ ಗೊತ್ತು ಬೇಟಾ. ನಿನಗೂ ಗೊತ್ತು. ಆದರೆ ಗಿರಾಕಿ ದುಡ್ಡು ಕೊಡೋದು ನೊರೆಗೆ," ಎಂದು ಅವರು ಕೈ ಒರೆಸಿಕೊಂಡರು.

ಕೆಟ್ಟ ಮನುಷ್ಯರಲ್ಲ. ಆಮ್ಲ ತುಂಬಿದ ಡ್ರಮ್ಮಿನ ಹತ್ತಿರ ಹೇಗೆ ನಿಲ್ಲಬೇಕು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಹೇಗೆ ನೋಡಬೇಕು, ಇವನ್ನೆಲ್ಲ ಕಲಿಸಿದವರು ಅವರೇ. ಆದರೆ ಆ ಪುಡಿಯ ಧೂಳು ನನ್ನ ಗಂಟಲಿಗೆ ಆಗಿಬರಲಿಲ್ಲ. ವರ್ಷವಿಡೀ ಕೆಮ್ಮು. ಕೊನೆಗೆ ಬಿಡಬೇಕಾಯಿತು.

ಆಮೇಲೆ ಸಿಕ್ಕಿದವರು ಹಂಸಾಬೆನ್. ಬೆನ್ ಅಂದರೆ ಇಲ್ಲಿ ಅಕ್ಕ ಎಂದ ಹಾಗೆ. ವಡೋದರಾದ ಅಂಚಿನಲ್ಲಿ ಅವರ ಮನೆ, ಮನೆಯ ಹಿಂದೆ ಒಂದು ಶೆಡ್. ಕೊಬ್ಬರಿ ಎಣ್ಣೆ, ಹರಳೆಣ್ಣೆ, ಬೇವಿನ ಎಣ್ಣೆಯಿಂದ ಮೈಸಾಬೂನು ಮಾಡುತ್ತಿದ್ದರು. ಪಾತ್ರೆ ಮತ್ತು ರೇಷ್ಮೆ ಬಟ್ಟೆಗೆ ಅಂಟುವಾಳದ ದ್ರವ. ಅಂಟುವಾಳಕ್ಕೆ ಗುಜರಾತಿಯಲ್ಲಿ ಅರೀಠಾ ಅನ್ನುತ್ತಾರೆ. ಇಲ್ಲಿಯ ಹಳಬರು ಪಟೋಲಾ ರೇಷ್ಮೆ ಸೀರೆಯನ್ನು ಬೇರೆ ಯಾವುದರಿಂದಲೂ ಒಗೆಯುವುದಿಲ್ಲ. ಹಂಸಾಬೆನ್ ಈ ದಾರಿ ಹಿಡಿದದ್ದು ವ್ಯಾಪಾರಕ್ಕಾಗಿ ಅಲ್ಲ. ಅವರ ಮಗ ಚಿಕ್ಕವನಿದ್ದಾಗ ಮೈಯೆಲ್ಲ ತುರಿಕೆ, ಚರ್ಮ ಒಡೆದು ರಕ್ತ. ಅಂಗಡಿ ಸಾಬೂನು ಬಿಟ್ಟು ಮನೆಯಲ್ಲೇ ಕೊಬ್ಬರಿ ಎಣ್ಣೆಯ ಸಾಬೂನು ಮಾಡಿ ಹಚ್ಚತೊಡಗಿದ ಮೇಲೆ ಕಡಿಮೆಯಾಯಿತಂತೆ. ಗಿಡದಿಂದ ಬಂದದ್ದು ಯಾರಿಗೂ ಕೇಡು ಮಾಡುವುದಿಲ್ಲ ಎಂಬುದು ಅವರಿಗೆ ದೇವರ ಮಾತಿನ ಹಾಗೆ.

ಮೊದಲ ಭೇಟಿಯಲ್ಲೇ ಕೇಳಿದರು, "ಕಾಸ್ಟಿಕ್ ಸೋಡಾ ಹಾಕದೆ ಸಾಬೂನು ಮಾಡೋಕೆ ನಿಮಗೆ ಬರುತ್ತಾ?"

"ಯಾರಿಗೂ ಬರಲ್ಲ, ಬೆನ್. ಎಣ್ಣೆ ಮತ್ತು ಕ್ಷಾರ ಸೇರಿದರೇನೇ ಸಾಬೂನು. ಅಳತೆ ಸರಿಯಿದ್ದರೆ ಕೊನೆಗೆ ಕ್ಷಾರ ಉಳಿಯೋದಿಲ್ಲ, ಅಷ್ಟೇ."

ಅವರು ನಕ್ಕರು. "ಬೇರೆಯವರು ಬರುತ್ತೆ ಅಂದರು. ನೀವು ನಾಳೆಯಿಂದ ಬನ್ನಿ."

ಆ ಶೆಡ್ಡಿನಲ್ಲಿ ನಾನು ಕಲಿತದ್ದು ಬಹಳ. ನೀರಿಗೆ ಕಾಸ್ಟಿಕ್ ಹಾಕಬೇಕೇ ಹೊರತು ಕಾಸ್ಟಿಕ್ ಮೇಲೆ ನೀರು ಸುರಿಯಬಾರದು. ಒಂದು ಎಣ್ಣೆ ಮುಗಿದಿದೆ ಎಂದು ಅದೇ ತೂಕದ ಇನ್ನೊಂದು ಎಣ್ಣೆ ಸುರಿಯಬಾರದು. ಕೊಬ್ಬರಿ ಎಣ್ಣೆ ಕೇಳುವಷ್ಟು ಕ್ಷಾರ ಹರಳೆಣ್ಣೆ ಕೇಳುವುದಿಲ್ಲ, ಉಳಿದ ಕ್ಷಾರ ಮೈ ಸುಡುತ್ತದೆ. ಅಚ್ಚಿನಿಂದ ತೆಗೆದ ಸಾಬೂನು ವಾರಗಟ್ಟಲೆ ಹಲಗೆಯ ಮೇಲೆ ಕೂತು ಒಣಗಬೇಕು. ಮಳೆಗಾಲದಲ್ಲಿ ನಮ್ಮ ಸಾಬೂನು ಬೆವರುತ್ತಿತ್ತು. ಅದರೊಳಗಿನ ಗ್ಲಿಸರಿನ್ ಗಾಳಿಯ ತೇವ ಎಳೆದುಕೊಂಡು ಹನಿಹನಿಯಾಗಿ ಕೂರುತ್ತದೆ. ಅಹಮದಾಬಾದಿನ ಒಬ್ಬ ಅಜ್ಜಿ ಫೋನ್ ಮಾಡಿ, "ನಿಮ್ಮ ಸಾಬೂನು ಅಳುತ್ತಾ ಇದೆ, ಅದಕ್ಕೇನಾಗಿದೆ?" ಎಂದು ನಿಜವಾದ ಕಳವಳದಿಂದ ವಿಚಾರಿಸಿದ್ದರು. ಒಣಬಟ್ಟೆಯಲ್ಲಿ ಒರೆಸಿ ಗಾಳಿಗಿಡಿ ಎಂದೆ. ಮರುದಿನ ಮತ್ತೆ ಫೋನ್ ಬಂತು. ಈಗ ಸುಮ್ಮನಾಗಿದೆ ಅಂದರು.

ಸೂರತ್ ನಂಟು ಶುರುವಾದದ್ದು ವಡೋದರಾದ ಒಂದು ವಸ್ತುಪ್ರದರ್ಶನದಲ್ಲಿ. ನಮ್ಮ ಮಳಿಗೆಯಲ್ಲಿ ನಿಂತು ನಾನು ಮಗಳ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದೆ. ನಾನು ಕನ್ನಡದಲ್ಲಿ ಕೇಳುವುದು, ಅವಳು ಗುಜರಾತಿಯಲ್ಲಿ ಉತ್ತರಿಸುವುದು. ನಮ್ಮ ಮನೆಯಲ್ಲಿ ಅದೇ ರೂಢಿ. ಫೋನ್ ಇಟ್ಟ ಕೂಡಲೇ ಎದುರಿಗಿದ್ದ ಹೆಂಗಸು, "ನೀವು ಕನ್ನಡದವರಾ? ಯಾವೂರು ನಿಮ್ದು?" ಎಂದರು.

ಅವರು ಸುಮತಿಯಕ್ಕ. ಉಡುಪಿ ಕಡೆಯವರು. ಸೂರತ್‌ನ ಅಡಾಜಣ್‌ನಲ್ಲಿ ಅವರ ಗಂಡ ಕರುಣಾಕರಣ್ಣ ಇಡ್ಲಿ-ದೋಸೆ ಹೋಟೆಲು ನಡೆಸುತ್ತಿದ್ದರು. ಅಂಟುವಾಳದ ಬಾಟಲಿಯನ್ನು ಕೈಯಲ್ಲಿ ತಿರುಗಿಸುತ್ತಾ ಸುಮತಿಯಕ್ಕ ಹೇಳಿದರು, "ನಮ್ಮಲ್ಲಿ ಪಾತ್ರೆ ತೊಳಿಯುವವಳು ಒಬ್ಬಳು ಇದ್ದಾಳೆ, ರಮೀಲಾಬೆನ್ ಅಂತ. ಹೋಟೆಲು ಶುರುವಾದಾಗಿಂದ ಇದ್ದವಳು. ಅವಳ ಕೈ ನೋಡ್ಲಿಕ್ಕೆ ಆಗುದಿಲ್ಲ ಮಾರಾಯ್ರೆ. ಬೆರಳ ಸಂದಿಯೆಲ್ಲ ಒಡೆದು ಹೋಗಿದೆ. ಅಡುಗೆ ಒಳಗೆ ಹಾಕ್ತೇನೆ ಅಂದ್ರೆ ಒಪ್ಪುದಿಲ್ಲ. ಪಾತ್ರೆ ಕೆಲಸ ಆದ್ರೆ ಸಂಜೆ ಮುಂಚೆ ಮನೆಗೆ ಹೋಗ್ಬಹುದು ಅಂತಾಳೆ. ಇದು ಆಗ್ತದಾ ಅವಳಿಗೆ?"

"ನೋಡಬೇಕಾಗತದ ಅಕ್ಕಾರ. ಅಲ್ಲಿ ನೀರು ಹೆಂಗದ ಅನ್ನೂದು ನೋಡದ ಹೇಳಾಕ ಆಗೂದಿಲ್ಲ," ಎಂದೆ.

ಹೋಗಿ ನೋಡಿದೆ. ಹೋಟೆಲಿನ ಹಿಂಭಾಗದಲ್ಲಿ ಸಿಮೆಂಟಿನ ತೊಟ್ಟಿ, ಪಕ್ಕದಲ್ಲಿ ಡಬ್ಬಿಯ ತುಂಬ ಪಾತ್ರೆ ತೊಳೆಯುವ ಅಗ್ಗದ ಹಸಿರು ದ್ರವ. ರಮೀಲಾಬೆನ್ ಸಣ್ಣ ಮೈಕಟ್ಟಿನ ಹೆಂಗಸು. ಹುಟ್ಟೂರು ವ್ಯಾರಾ ಪಟ್ಟಣದ ಆಚೆ. ಕೈ ತೋರಿಸಿ ಎಂದರೆ ಮೊದಲು ಸೆರಗಿನೊಳಗೆ ಸೇರಿಸಿಕೊಂಡಳು.

"ನನ್ನ ಬಿಡಿಸ್ತಾರಾ, ಬೆನ್?" ಎಂದು ಮೆಲ್ಲಗೆ ಕೇಳಿದಳು.

"ಇಲ್ಲ. ಸಾಬೂನು ಬಿಡಿಸೋಕೆ ಬಂದಿದೀನಿ."

ಆಗ ಕೈ ಚಾಚಿದಳು. ಬಿರುಕುಗಳ ಅಂಚು ಬೆಳ್ಳಗಾಗಿ, ಒಳಗೆ ಕೆಂಪು ಕಾಣುತ್ತಿತ್ತು.

ಹೊಸಬರು ತಿಳಿದುಕೊಳ್ಳಬೇಕಾದ ಒಂದು ವಿಷಯವಿದೆ. ಮನೆಯ ಸಿಂಕಿನಲ್ಲಿ ಕೆಲಸ ಮಾಡುವ ಗಿಡದ ಸಾಬೂನು ಹೋಟೆಲಿನ ತೊಟ್ಟಿಯಲ್ಲಿ ಸೋಲುತ್ತದೆ. ನಾವು ಕಳಿಸಿದ ಅಂಟುವಾಳದ ದ್ರವ ಸಾಂಬಾರಿನ ಜಿಡ್ಡಿಗೆ ಸಾಲಲಿಲ್ಲ. ಸೂರತ್‌ನ ಬಿಸಿಲಿಗೆ ಕ್ಯಾನಿನೊಳಗೆ ಹುಳಿಬಂದು ಕ್ಯಾನೇ ಉಬ್ಬಿಕೊಂಡಿತು. ಕೊಬ್ಬರಿ ಎಣ್ಣೆಯ ಸಾಬೂನು ಸೇರಿಸಿದರೆ ಬೋರ್ ನೀರಿನ ಸುಣ್ಣದ ಜೊತೆ ಸೇರಿ ತಟ್ಟೆಯ ಮೇಲೆ ಬಿಳಿಯ ಪೊರೆ.

ಕರುಣಾಕರಣ್ಣ ಫೋನ್ ಮಾಡಿದರು. ಕೋಪದ ಮನುಷ್ಯರಲ್ಲ, ಆದರೆ ಬೇಸರ ಕೇಳಿಸುತ್ತಿತ್ತು. "ಎಂತ ಮೇಡಂ, ಪ್ಲೇಟಲ್ಲಿ ಬಿಳಿ ಬಿಳಿ ಕೂತ್ಕೊಳ್ತದೆ. ಗಿರಾಕಿಗಳು ಬೆರಳಲ್ಲಿ ಗೀಚಿ ತೋರಿಸ್ತಾರೆ. ನಾನೆಂತ ಹೇಳುದು ಅವರಿಗೆ?"

ಒಂದೊಂದನ್ನೇ ಸರಿಮಾಡಿದೆವು. ತಟ್ಟೆಯನ್ನು ಮೊದಲು ಒರೆಸಿ ತೆಗೆಯುವುದು, ಜಿಡ್ಡಿನ ಪಾತ್ರೆಯನ್ನು ಬಿಸಿನೀರಿನಲ್ಲಿ ವಾಷಿಂಗ್ ಸೋಡಾ ಹಾಕಿ ನೆನೆಸುವುದು. ಅದನ್ನು ಹೋಟೆಲಿನ ಒಬ್ಬ ಗಂಡಾಳು ಕೈಗವಸು ಹಾಕಿಕೊಂಡು ಮಾಡುತ್ತಿದ್ದ. ತೊಳೆಯುವುದಕ್ಕೂ ಕಡೆಯಲ್ಲಿ ಅದ್ದುವುದಕ್ಕೂ ಬೋರ್ ನೀರು ಬಿಟ್ಟು ಮುನಿಸಿಪಾಲಿಟಿಯ ತಾಪಿ ನದಿಯ ನೀರು, ಅದ್ದುವ ನೀರಿಗೆ ಸ್ವಲ್ಪ ವಿನಿಗರ್. ದ್ರವ ಕೆಡದಿರಲು ಸಂರಕ್ಷಕ ಹಾಕಲೇಬೇಕಾಯಿತು. ಅದಕ್ಕೆ ಹಂಸಾಬೆನ್ ಒಪ್ಪಲು ತಿಂಗಳು ಹಿಡಿಯಿತು. "ಉಪ್ಪಿನಕಾಯಿಗೆ ಉಪ್ಪು ಹಾಕಲ್ವಾ ಬೆನ್?" ಎಂದು ನಾನು ಕೇಳಿದ ಮೇಲೆ, ಮುಖ ಸಣ್ಣ ಮಾಡಿಕೊಂಡು ಹೂಂ ಎಂದರು.

ತಟ್ಟೆಗಳು ಹೊಳೆಯತೊಡಗಿದವು. ರಮೀಲಾಬೆನ್ ಕೈಯ ಗಾಯ ಒಣಗುತ್ತಾ ಬಂತು. ಬಿರುಕು ಪೂರ್ತಿ ಕೂಡಿರಲಿಲ್ಲ, ಆದರೆ ಉರಿ ಇಳಿದಿತ್ತು. ಕುದಿಸಿದ ಅಂಟುವಾಳದ ವಾಸನೆ ಮಾತ್ರ ಹೋಟೆಲಿನವರಿಗೆ ಹಿಡಿಸಲಿಲ್ಲ. ಹಳೆಯ ಹುಳಿಯ ಹಾಗಿರುತ್ತದೆ. ಹಂಸಾಬೆನ್ ಅದಕ್ಕೆ ಮಜ್ಜಿಗೆ ಹುಲ್ಲಿನ, ಅಂದರೆ ಲೆಮನ್‌ಗ್ರಾಸಿನ, ಎಣ್ಣೆ ಸೇರಿಸಲು ಹೇಳಿದರು. ಅವರ ತವರಿನ ಹೊಲದಲ್ಲಿ ಬೆಳೆದ ಹುಲ್ಲು, ಅಲ್ಲಿಯೇ ಬಟ್ಟಿ ಇಳಿಸಿದ ಎಣ್ಣೆ. ನಮ್ಮ ಮೈಸಾಬೂನಿನಲ್ಲಿ ಹೆಚ್ಚು ಓಡುತ್ತಿದ್ದುದೂ ಅದರದೇ. ಸೂರತ್‌ನ ಆ ತೊಟ್ಟಿಯ ಹತ್ತಿರ ಹೋದರೆ ಹೊಸ ಹುಲ್ಲು ಕೊಯ್ದ ಹಾಗೆ ಪರಿಮಳ. ರಮೀಲಾಬೆನ್‌ಗೆ ಅದು ಬಹಳ ಇಷ್ಟವಾಯಿತು. ಹಂಸಾಬೆನ್ ಸಂತೋಷದಿಂದ ಅವಳ ಮನೆಗೆಂದು ಅದೇ ಪರಿಮಳದ ಮೈಸಾಬೂನನ್ನೂ ಕಳಿಸಿದರು.

ಕೆಲವು ವಾರ ಕಳೆದ ಮೇಲೆ ಸುಮತಿಯಕ್ಕನ ಫೋನ್. "ನೀವು ಒಮ್ಮೆ ಬನ್ನಿ. ಅವಳ ಕೈಯದ್ದು ಮೊದಲಿಗಿಂತ ಜೋರಾಗಿದೆ. ಕುತ್ತಿಗೆಗೂ ಬಂದಿದೆ."

ನಾನು ಹೋದಾಗ ರಮೀಲಾಬೆನ್ ಅಂಗಳದ ಸ್ಟೂಲಿನ ಮೇಲೆ ಕುಳಿತಿದ್ದಳು. ಬೆರಳು ಊದಿ ನೀರುಗುಳ್ಳೆ ಎದ್ದಿದ್ದವು. ಕಿವಿಯ ಹಿಂದೆ, ಕತ್ತಿನ ಸುತ್ತ ಕೆಂಪು. ತೊಟ್ಟಿಯ ಹತ್ತಿರ ಸೀರೆ ಎತ್ತಿ ಕಟ್ಟಿ ಪಾತ್ರೆ ತೊಳೆಯುತ್ತಿದ್ದವರು ಸುಮತಿಯಕ್ಕ.

"ಬೇರೆ ಜನ ಹಾಕಿದ್ರೆ ಇವಳು ಇನ್ನು ಬರುದಿಲ್ಲ ಅಂತ ಮಾಡ್ಕೊಳ್ತಾಳೆ. ಅವಳ ಜಾಗ ಹಾಗೇ ಇರ್ಲಿ ಅಂತ ನಾನೇ ನಿಂತೆ," ಎಂದರು ತಿರುಗಿ ನೋಡದೆ.

ಕರುಣಾಕರಣ್ಣ ಗಲ್ಲಾ ಬಿಟ್ಟು ಎದ್ದು ಬಂದರು. "ಮೇಡಂ, ಬೇಜಾರು ಮಾಡ್ಬೇಡಿ. ನಿಮ್ಮ ನ್ಯಾಚುರಲ್ ನಮಗೆ ಸಾಕು. ಆ ಹಸಿರೇ ಆಗ್ಬಹುದು."

ನಾನು ಹೊರಗೆ ಹೋಗಿ ಹಂಸಾಬೆನ್‌ಗೆ ಫೋನ್ ಮಾಡಿದೆ. ಅವರು ಕೇಳಿ, "ನಮ್ಮದರಿಂದ ಅಲ್ಲ. ಗಿಡದ ಎಣ್ಣೆಯಿಂದ ಹಾಗಾಗಲ್ಲ. ಮನೆಯಲ್ಲಿ ಬೇರೆ ಏನೋ ಹಚ್ಚಿರಬೇಕು," ಎಂದರು. ಸುಳ್ಳು ಹೇಳುತ್ತಿರಲಿಲ್ಲ, ನಂಬಿದ್ದರು. ನನಗೆ ಹೌದೆಂದೂ ಅನ್ನಿಸಲಿಲ್ಲ, ಅಲ್ಲವೆಂದೂ ಅನ್ನಿಸಲಿಲ್ಲ. ಊಹೆಯ ಮೇಲೆ ವಾದ ಮಾಡುವುದರಲ್ಲಿ ಅರ್ಥವಿರಲಿಲ್ಲ. ರಮೀಲಾಬೆನ್‌ಳನ್ನು ಆಟೋ ಹತ್ತಿಸಿಕೊಂಡು ತಾಪಿ ಸೇತುವೆ ದಾಟಿ ಚರ್ಮದ ಡಾಕ್ಟರ ಹತ್ತಿರ ಹೋದೆ.

ಡಾಕ್ಟರಮ್ಮ ಕೈ ನೋಡಿದರು, ಕತ್ತು ನೋಡಿದರು, ಔಷಧಿ ಕೊಟ್ಟರು. ಉರಿ ತಗ್ಗಿದ ಮೇಲೆ ಬನ್ನಿ, ಬರುವಾಗ ಅವಳ ಕೈಗೆ ತಾಗುವುದನ್ನೆಲ್ಲ ತನ್ನಿ ಎಂದರು. ಹಸಿರು ದ್ರವ, ನಮ್ಮ ದ್ರವ, ಮೈಸಾಬೂನು, ಜೊತೆಗೆ ಅವುಗಳಲ್ಲಿ ನಾವು ಹಾಕುವ ಒಂದೊಂದು ಪದಾರ್ಥವನ್ನೂ ಪುಟ್ಟ ಶೀಶೆಗಳಲ್ಲಿ ತೆಗೆದುಕೊಂಡು ಹೋದೆ. ಅವರು ತಮಗೆ ಬೇಕಾದಷ್ಟು ತೆಳುಮಾಡಿಕೊಂಡು, ಸಣ್ಣಸಣ್ಣ ಪಟ್ಟಿಗಳಲ್ಲಿ ಹಾಕಿ ರಮೀಲಾಬೆನ್ ಬೆನ್ನಿಗೆ ಅಂಟಿಸಿದರು. ತೆಗೆಯುವವರೆಗೂ ಬೆನ್ನಿಗೆ ನೀರು ತಾಗಬಾರದು. ಬೇಸಿಗೆಯ ಸೂರತ್‌ನಲ್ಲಿ ಅದು ಸಣ್ಣ ಶಿಕ್ಷೆಯಲ್ಲ.

ಪಟ್ಟಿ ತೆಗೆದ ದಿನ ನಾನೂ ಇದ್ದೆ. ಅಂಟುವಾಳದ ಜಾಗ ಚೊಕ್ಕಟ. ಸಂರಕ್ಷಕದ ಜಾಗ ಚೊಕ್ಕಟ. ಮಜ್ಜಿಗೆ ಹುಲ್ಲಿನ ಎಣ್ಣೆ ಇಟ್ಟ ಜಾಗದಲ್ಲಿ ಕೆಂಪಗೆ ದದ್ದು ಎದ್ದಿತ್ತು.

"ಮೊದಲು ಕೈ ಒಡೆಸಿದ್ದು ಆ ಹಸಿರು ದ್ರವವೇ ಇರಬೇಕು," ಎಂದರು ಡಾಕ್ಟರಮ್ಮ. "ಒಡೆದ ಚರ್ಮದಲ್ಲಿ ನಿಮ್ಮ ಸುವಾಸನೆ ಸುಲಭವಾಗಿ ಒಳಗೆ ಹೋಯಿತು. ಮೈ ಅದನ್ನು ಗುರುತು ಹಿಡಿದುಕೊಂಡಿದೆ. ಇನ್ನು ಮರೆಯೋದಿಲ್ಲ. ಇವರು ಅದನ್ನು ಮುಟ್ಟಬಾರದು."

"ಯಾವತ್ತೂ?" ಎಂದೆ.

"ಯಾವತ್ತೂ. ಎಣ್ಣೆಯೂ ಬೇಡ, ಎಲೆಯೂ ಬೇಡ."

ರಮೀಲಾಬೆನ್ ಕೇಳಿದಳು, "ಚಹಾಕ್ಕೂ ಇಲ್ಲವಾ?"

ಗುಜರಾತಿನ ಮನೆಮನೆಯಲ್ಲೂ ಚಹಾ ಕುದಿಯುವಾಗ ಆ ಹುಲ್ಲನ್ನು ಹರಿದು ಹಾಕುತ್ತಾರೆ. ಲೀಲಿ ಚಾ ಅನ್ನುತ್ತಾರೆ ಅದಕ್ಕೆ. ಅವಳ ಮನೆ ಬಾಗಿಲಲ್ಲೂ ಕುಂಡದಲ್ಲಿ ಬೆಳೆದಿತ್ತು. ಡಾಕ್ಟರಮ್ಮ ಬೇಡ ಎಂದು ತಲೆಯಾಡಿಸಿದರು. ಇಷ್ಟು ನೋವಿಗೂ ಅಳದವಳು ಆ ಚಹಾದ ಮಾತಿಗೆ ಕಣ್ಣೊರೆಸಿಕೊಂಡಳು. ಆಟೋದಲ್ಲಿ ಬರುವಾಗ ಅವಳ ಮೊಣಕೈ ಹಿಡಿದು ಕುಳಿತಿದ್ದೆ.

ವಡೋದರಾಕ್ಕೆ ಬಂದು ಹಂಸಾಬೆನ್‌ಗೆ ಎಲ್ಲ ಹೇಳಿದೆ. ಅವರು ಒಂದು ಸಾಬೂನು ಎತ್ತಿಕೊಂಡು ಅದರ ಹೊದಿಕೆ ತಿರುಗಿಸಿ ನೋಡಿದರು. ನಮ್ಮ ಹೊದಿಕೆಯ ಮೇಲೆ ಗುಜರಾತಿಯಲ್ಲಿ ಒಂದು ಸಾಲಿತ್ತು, ಎಲ್ಲರ ಚರ್ಮಕ್ಕೂ ಹಿತ ಎಂದು. ಅದನ್ನು ಬರೆದವರು ಅವರೇ.

"ಈ ಸಾಲು ತೆಗೀಬೇಕು, ಬೆನ್," ಎಂದೆ.

"ಅದನ್ನು ತೆಗೆದರೆ ಉಳಿಯೋದೇನು?"

"ಏನೇನು ಹಾಕಿದೀವಿ ಅನ್ನೋದು ಉಳಿಯುತ್ತೆ. ಅದನ್ನೇ ಬರೆಯೋಣ."

"ಕಾಸ್ಟಿಕ್ ಅಂತಲೂ ಬರೀಬೇಕಾ?"

"ಅದನ್ನೂ."

"ಸಾವಿರಾರು ಜನ ಬಳಸ್ತಾರೆ. ಯಾರಿಗೂ ಏನೂ ಆಗಿಲ್ಲ. ಒಬ್ಬಳಿಗಾಗಿ..." ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು. ಆಮೇಲೆ, "ನಾನು ಅವಳನ್ನು ನೋಡಬೇಕು," ಎಂದರು.

ಇಬ್ಬರೂ ಬೆಳಗಿನ ರೈಲಿಗೆ ಹೋದೆವು. ದಾರಿಯುದ್ದಕ್ಕೂ ಅವರು ಕಿಟಕಿಯ ಕಡೆಗೇ ಮುಖ ಮಾಡಿದ್ದರು. ಹೋಟೆಲಿನ ಹಿಂದೆ ರಮೀಲಾಬೆನ್ ಎದುರು ಇನ್ನೊಂದು ಸ್ಟೂಲ್ ಎಳೆದು ಕುಳಿತು, ಅವಳ ಅಂಗೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡು ನೋಡಿದರು. ಒಂದೊಂದೇ ಬೆರಳು ನೋಡಿದರು.

"ನನ್ನ ಮಗನ ಕೈ ಹೀಗೇ ಇತ್ತು," ಎಂದರು ನನ್ನ ಕಡೆ ತಿರುಗಿ. ಆಮೇಲೆ ಅವಳಿಗೆ ಹೇಳಿದರು, "ತಂಗಿ, ಇದು ನಮ್ಮ ಸಾಬೂನಿನಿಂದ ಆದದ್ದು. ಒಳ್ಳೆಯದಾಗಲಿ ಅಂತ ಕಳಿಸಿದ್ದೆ."

"ಗೊತ್ತು ಬೆನ್. ವಾಸನೆ ಚೆನ್ನಾಗಿತ್ತು," ಎಂದಳು ರಮೀಲಾಬೆನ್. ದೂರಿನ ದನಿ ಇರಲಿಲ್ಲ. ಹಂಸಾಬೆನ್‌ಗೆ ಅದು ಬೈಗುಳಕ್ಕಿಂತ ಹೆಚ್ಚು ತಾಗಿತು ಎಂದು ಕಾಣುತ್ತದೆ. ಎದ್ದು ನಲ್ಲಿಯ ಹತ್ತಿರ ಹೋಗಿ ನಿಂತರು.

ಕರುಣಾಕರಣ್ಣನಿಗೆ ಅಲ್ಲಿಯೇ ಹೇಳಿದರು, "ಇನ್ನೊಂದು ಸಲ ನೋಡಿ. ಅಂಟುವಾಳ, ಸಾಬೂನು, ಕೆಡದಿರೋಕೆ ಬೇಕಾದದ್ದು. ಬೇರೆ ಏನೂ ಇರಲ್ಲ. ವಾಸನೆ ಕೆಟ್ಟದಾಗಿರುತ್ತೆ."

ಕರುಣಾಕರಣ್ಣ ಹೆಂಡತಿಯ ಮುಖ ನೋಡಿದರು. ಪಾತ್ರೆ ತೊಳೆದು ತೊಳೆದು ಅವರ ಬೆರಳ ತುದಿ ಸುಕ್ಕುಗಟ್ಟಿತ್ತು. "ವಾಸನೆ ನಾವು ತಡ್ಕೊಳ್ಳುವ," ಎಂದರು ಸುಮತಿಯಕ್ಕ. "ಹಸಿರು ಬೇಡ."

ಅಂದಿನಿಂದ ಶೆಡ್ಡಿನಲ್ಲಿ ಒಂದು ಮೂಲೆಯನ್ನು ಪ್ರತ್ಯೇಕ ಮಾಡಿದೆವು. ಸುಗಂಧ ಮುಟ್ಟಿದ ಸೌಟು, ಬಕೆಟ್ಟು, ಅಚ್ಚು ಯಾವುದೂ ಅಲ್ಲಿಗೆ ಬರುವಂತಿಲ್ಲ. ಅಲ್ಲಿ ಮಾಡಿದ್ದಕ್ಕೆ ಹಂಸಾಬೆನ್ ಸಾದೋ ಸಾಬು, ಅಂದರೆ ಬರೀ ಸಾಬೂನು ಎಂದೇ ಹೆಸರಿಟ್ಟರು. ಪರಿಮಳದ ಸಾಬೂನನ್ನು ನಿಲ್ಲಿಸಲಿಲ್ಲ, ಆದರೆ ಅದರ ಹೊದಿಕೆಯ ಮೇಲೆ ಎಣ್ಣೆಯ ಹೆಸರು ಬಂತು, ತುರಿಕೆಯಾದರೆ ಕೂಡಲೇ ಬಿಡಿ ಎಂಬ ಮಾತೂ ಬಂತು. ಕಾಸ್ಟಿಕ್ ಸೋಡಾ ಎಂಬ ಪದ ನೋಡಿ ಅಹಮದಾಬಾದಿನ ಒಬ್ಬ ಅಂಗಡಿಯವರು ಪೆಟ್ಟಿಗೆಗಳನ್ನೇ ಹಿಂದಕ್ಕೆ ಕಳಿಸಿದರು. ಬೇರೆಯವರೂ ಅದನ್ನೇ ಹಾಕುತ್ತಾರೆ, ಬರೆಯುವುದಿಲ್ಲ ಎಂದು ಹೇಳಿ ನೋಡಿದೆ. "ಹಾಗಾದರೆ ನೀವೂ ಬರೀಬೇಡಿ," ಎಂದರು. ಆ ಅಂಗಡಿ ನಮಗೆ ಮತ್ತೆ ಸಿಗಲಿಲ್ಲ.

ಸಾದೋ ಸಾಬು ನಿಧಾನವಾಗಿ ದಾರಿ ಹಿಡಿಯಿತು. ಮೊದಲು ಬಾಣಂತಿಯರ ಮನೆಗೆ, ಆಮೇಲೆ ಡಾಕ್ಟರಮ್ಮ ಕಳಿಸಿದ ಕೆಲವರಿಗೆ. ಯಾರಿಗೂ ಅದರ ಮೇಲೆ ಪ್ರೀತಿ ಹುಟ್ಟುವಂತಿರಲಿಲ್ಲ. ಮಂಕು ಬಣ್ಣ, ಮೂಗಿಗೆ ಹಿಡಿದರೆ ಬರೀ ಎಣ್ಣೆಯ ವಾಸನೆ. ನನ್ನ ವೃತ್ತಿಯಲ್ಲಿ ಅಷ್ಟು ಎಚ್ಚರಿಕೆಯಿಂದ ಮಾಡಿದ ಸಾಬೂನು ಇನ್ನೊಂದಿಲ್ಲ. ಸುವಾಸನೆಯಿದ್ದರೆ ಎಣ್ಣೆ ಹಳತಾದದ್ದು ಮುಚ್ಚಿಹೋಗುತ್ತದೆ. ಇದರಲ್ಲಿ ಏನನ್ನೂ ಮುಚ್ಚಲಾಗುತ್ತಿರಲಿಲ್ಲ.

ರಮೀಲಾಬೆನ್ ಕೈಯ ಬಿರುಕು ಕೂಡಲು ಮಳೆಗಾಲ ಕಳೆಯಬೇಕಾಯಿತು. ನಡುವೆ ಒಮ್ಮೆ, ಯಾರದೋ ಮನೆಯಲ್ಲಿ ಮರೆತು ಆ ಚಹಾ ಕುಡಿದು ತುಟಿ ಊದಿಸಿಕೊಂಡಳು. ಚಳಿಗಾಲಕ್ಕೆ ಮತ್ತೆ ತೊಟ್ಟಿಯ ಹತ್ತಿರ ನಿಂತಳು. ಸುಮತಿಯಕ್ಕ ಸೀರೆ ಇಳಿಬಿಟ್ಟು ಗಲ್ಲಾಕ್ಕೆ ಹೋದರು.

ನಾನು ನಿವೃತ್ತಳಾಗುವ ವರ್ಷ ರಮೀಲಾಬೆನ್ ಫೋನ್ ಮಾಡಿದಳು. ಮಗಳ ಮದುವೆ ಗೊತ್ತಾಗಿತ್ತು. ಕರೆದದ್ದಾದ ಮೇಲೂ ಫೋನ್ ಇಡಲಿಲ್ಲ.

"ಬೆನ್, ಒಂದು ಮಾತು. ನಾನು ಮೆಹಂದಿ ಹಾಕಿಕೊಳ್ಳಬಹುದಾ?"

ನಾನು ತಕ್ಷಣ ಹೂಂ ಅನ್ನಲಿಲ್ಲ. ಬಜಾರಿನ ಕೋನ್‌ಗಳಲ್ಲಿ ಬಣ್ಣ ಕಪ್ಪಾಗಲೆಂದು ಏನೇನೋ ಬೆರೆಸಿರುತ್ತಾರೆ. ಡಾಕ್ಟರಮ್ಮನನ್ನು ವಿಚಾರಿಸಿದೆ. ಬರೀ ಎಲೆಯ ಪುಡಿಯಾದರೆ ನೋಡಬಹುದು, ಮೊದಲು ಮೊಣಕೈ ಮಡಿಕೆಯಲ್ಲಿ ಚುಕ್ಕೆಯಷ್ಟು ಹಚ್ಚಿ ಕಾಯಲಿ ಎಂದರು. ಮೆಹಂದಿ ಎಲೆ ತರಿಸಿ, ನಾನೇ ಒಣಗಿಸಿ, ಪುಡಿಮಾಡಿ, ಜರಡಿ ಹಿಡಿದು ಕಳಿಸಿದೆ. ಕಾದು ನೋಡಿದಳು. ಏನೂ ಆಗಲಿಲ್ಲ.

ಮದುವೆಗೆ ಹಂಸಾಬೆನ್, ಸುಮತಿಯಕ್ಕ, ನಾನು ಒಟ್ಟಿಗೇ ಹೋದೆವು. ಚಪ್ಪರದ ಕೆಳಗೆ ಹೆಂಗಸರು ಸಾಲಾಗಿ ಕುಳಿತು ಮೆಹಂದಿ ಹಾಕಿಸಿಕೊಳ್ಳುತ್ತಿದ್ದರು. ಪುಡಿ ಕಲಸಿದ ಬಟ್ಟಲನ್ನು ರಮೀಲಾಬೆನ್ ಬೇರೆಯಾಗಿಯೇ ಇಟ್ಟುಕೊಂಡಿದ್ದಳು. ಚಿತ್ರ ಬರೆಯುವ ಹುಡುಗಿ, "ಮಾಸಿ, ಕೈ ಸಡಿಲ ಬಿಡಿ, ಬಿಗಿಯಾಗಿ ಹಿಡಿದರೆ ಗೆರೆ ಕೆಡುತ್ತೆ," ಎಂದು ಎರಡು ಸಲ ಹೇಳಬೇಕಾಯಿತು. ಕೈಯನ್ನು ಜನರ ಮುಂದೆ ಬಿಡಿಸಿ ಹಿಡಿಯುವುದು ಅವಳಿಗೆ ರೂಢಿ ತಪ್ಪಿಹೋಗಿತ್ತು.

ಬೆಳಿಗ್ಗೆ ಒಣಗಿದ ಮೆಹಂದಿ ಉದುರಿಸಿದಾಗ ಬಣ್ಣ ಕೆಂಪಗೆ ಹಿಡಿದಿತ್ತು. ಬೆರಳಿನ ಸಂದಿಯವರೆಗೂ ಗೆರೆ ಎಲ್ಲೂ ಒಡೆದಿರಲಿಲ್ಲ. ಬೀಗರ ಕಡೆಯ ಹೆಂಗಸರು ಬಂದಿಳಿದಾಗ ಅವಳು ಬಾಗಿಲಲ್ಲಿ ನಿಂತು, ಯಾರೂ ಕೇಳದಿದ್ದರೂ, ಎರಡೂ ಅಂಗೈ ಬಿಡಿಸಿ ಒಬ್ಬೊಬ್ಬರಿಗೂ ತೋರಿಸುತ್ತಿದ್ದಳು.